ಕ್ವಿಬೆಕ್‌ನ ಹಳೇ ದಾಖಲೆಗಳಲ್ಲಿ ಒಂದೇ ಮನೆಯವರಿಗೆ ಮೂರು ಮೂರು ಅಡ್ಡಹೆಸರು ಯಾಕೆ?

ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ಇದೇ ಗುಂಡಿಗೆ ನಾನೂ ಬಿದ್ದಿದ್ದೆ. ನಿಮ್ಮ ಸೊಸೆ ಕೆನಡಾದ ಫ್ರೆಂಚ್ ಮಾತಾಡೋ ಪ್ರಾಂತ್ಯ ಕ್ವಿಬೆಕ್‌ನವರು, ಮೊಮ್ಮಗನಿಗಾಗಿ ಅವರ ತವರಿನ ವಂಶವೃಕ್ಷ ಬರೀತಿದ್ದೀರಿ. 1750ರ ಸುಮಾರಿಗೆ ಬಂದರೆ ಅಪ್ಪನಿಗೊಂದು ಅಡ್ಡಹೆಸರು, ಮಗನಿಗೊಂದು, ನಡುವೆ ‘ದಿ’ ಅನ್ನೋ ಪದ. ದಾಖಲೆಯೇ ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ.

ಆ ಫ್ರೆಂಚ್ ‘ದಿ’ (dit) ಅಂದ್ರೆ ನಮ್ಮ ಕೋರ್ಟು ಕಾಗದದ ‘ಉರ್ಫ್’. 17ನೇ ಶತಮಾನದಲ್ಲಿ ಬಾತಿಸ್ಕಾನ್ ಎಂಬಲ್ಲಿ ನೆಲೆಸಿದ ರಿವಾರ್ ಸಹೋದರರನ್ನೇ ನೋಡಿ: ನಿಕೋಲಾ ರಿವಾರ್ ಉರ್ಫ್ ಲಾವೀನ್, ರೋಬೇರ್ ರಿವಾರ್ ಉರ್ಫ್ ಲೊರಾಂಜೆ. ಮುಂದಿನ ತಲೆಮಾರುಗಳಲ್ಲಿ ಲಾನುಯೆತ್, ಲಾಕುರ್ಸಿಯೇರ್ ಅಂತ ಇನ್ನಷ್ಟು ಕವಲು. ಹತ್ತೊಂಬತ್ತನೇ ಶತಮಾನದಲ್ಲಿ ಈ ‘ದಿ’ ಮೆಲ್ಲಗೆ ಬಿಟ್ಟುಹೋಯ್ತು. ಕೆಲವರು ಮೊದಲ ಹೆಸರು ಉಳಿಸಿಕೊಂಡರು, ಕೆಲವರು ಎರಡನೆಯದನ್ನು. ಹಾಗಾಗಿ ಇವತ್ತಿನ ಲೊರಾಂಜೆಗಳೂ ರಿವಾರ್‌ಗಳೂ ದಾಯಾದಿಗಳಾಗಿರಬಹುದು.

ಎಷ್ಟೋ ಉರ್ಫ್‌ಗಳು ಸೈನ್ಯದಿಂದ ಬಂದವು. 1665ರಲ್ಲಿ ಕಾರಿನ್ಯಾನ್-ಸಾಲಿಯೇರ್ ಪಡೆಯ ಸುಮಾರು 1,200 ಸೈನಿಕರು ಫ್ರಾನ್ಸಿನಿಂದ ಬಂದರು, ನಾನೂರರಷ್ಟು ಮಂದಿ ಅಲ್ಲೇ ಉಳಿದರು. ಸೈನಿಕರಿಗೆ ಪಡೆಯಲ್ಲಿ ಒಂದು ಕರೆಯೋ ಹೆಸರು ಇರ್ತಿತ್ತು: ಲಾಫ್ಲರ್ ಅಂದ್ರೆ ಹೂವು, ಸಾನ್‌ಸೂಸಿ ಅಂದ್ರೆ ನಿಶ್ಚಿಂತ. ಲಾಫ್ರಾಂಬ್ವಾಸ್ ಅಂತೂ ರಾಸ್ಪ್‌ಬೆರಿ ಹಣ್ಣು. ಹುಬ್ಬಳ್ಳಿಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಅನ್ನೋ ಅಡ್ಡಹೆಸರಿನವರ ಜೊತೆ ಶಾಲೆ ಕಲಿತ ನನಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. ನನ್ನ ಗಂಡ, ಕ್ವಿಬೆಕ್‌ನವನೇ ಆಗಿದ್ದೂ, ಬಿದ್ದು ಬಿದ್ದು ನಕ್ಕ.

ನನ್ನನ್ನು ಸತಾಯಿಸಿದ್ದು ಮಕ್ಕಳ ಹೆಸರು. ಅತ್ತೆಯ ತವರಿನ ಒಂದೇ ಮನೆಯಲ್ಲಿ ಐದು ಜೋಸೆಫ್, ನಾಲ್ಕು ಮರೀ (Marie, ಅಂದ್ರೆ ನಮ್ಮ ಮೇರಿ)! ಒಬ್ಬ ಸತ್ತ ಮೇಲೆ ಇನ್ನೊಬ್ಬನಿಗೆ ಅದೇ ಹೆಸರು ಇಟ್ಟಿರಬೇಕು ಅಂದುಕೊಂಡು ಎರಡು ತಿಂಗಳು ಸಾವಿನ ದಾಖಲೆ ಹುಡುಕಿದೆ. (ಹಾಗೆ ಇಡೋದೂ ಉಂಟು, ಅದೇ ಇನ್ನೊಂದು ತಲೆನೋವು.) ಆಮೇಲೆ ತಿಳೀತು: ಚರ್ಚಿನಲ್ಲಿ ಮಗುವಿಗೆ ಹೆಸರಿಡೋ ವಿಧಿಯಾದ ಜ್ಞಾನಸ್ನಾನದಲ್ಲಿ ಗಂಡಿಗೆ ಜೋಸೆಫ್, ಹೆಣ್ಣಿಗೆ ಮರೀ ಅಂತ ಮುಂದೆ ಸೇರಿಸೋದು ವಾಡಿಕೆ. ಮಧ್ಯದ ಹೆಸರು ಹಲವು ಸಲ ಆ ವಿಧಿಯಲ್ಲಿ ಮಗುವಿನ ಹೊಣೆ ಹೊರೋ ಜ್ಞಾನತಂದೆಯದೋ ಜ್ಞಾನತಾಯಿಯದೋ ಆಗಿರುತ್ತೆ, ಮನೇಲಿ ಕರೆಯೋದು ಸಾಮಾನ್ಯವಾಗಿ ಕೊನೇದು. ಚರ್ಚ್ ಪುಸ್ತಕದ ಒಂದು ಪುಟ ಇನ್ನೂ ಕಣ್ಣಿಗೆ ಕಟ್ಟಿದೆ. ಹಿಂಬದಿಯ ಶಾಯಿ ಈಚೆಗೆ ಇಣುಕಿದೆ, ಅಂಚಿನಲ್ಲಿ ಪಾದ್ರಿ ಬರೆದಿರೋದು ಉರ್ಫ್ ಹೆಸರು ಮಾತ್ರ, ಒಳಗಿನ ಸಾಲಿನಲ್ಲಿ ಹಳೇ ಮನೆತನದ ಹೆಸರು ಮಾತ್ರ, ಕೆಳಗೆ ‘ತಂದೆಗೆ ಸಹಿ ಮಾಡಲು ಬಾರದು’ ಅಂತ ಒಂದು ಷರಾ. ತನ್ನ ಹೆಸರನ್ನು ಹೇಗೆ ಬರೆದಿದ್ದಾರೆ ಅನ್ನೋದು ಆ ತಂದೆಗೇ ಗೊತ್ತಿರಲಿಲ್ಲ.

ಅದಕ್ಕೇ ಅಡ್ಡಹೆಸರಿನ ಬೆನ್ನು ಹತ್ತಬೇಡಿ, ಮದುವೆ ದಾಖಲೆಯ ಬೆನ್ನು ಹತ್ತಿ. ಅದರಲ್ಲಿ ವಧು ವರ ಇಬ್ಬರ ತಂದೆತಾಯಿಯರ ಹೆಸರೂ ಸಾಮಾನ್ಯವಾಗಿ ಇರುತ್ತೆ. ಹೆಂಗಸರಿಗೆ ಮದುವೆಯಾದ ಮೇಲೂ ದಾಖಲೆಯಲ್ಲಿ ತವರಿನ ಹೆಸರೇ. ಗಂಡಸು ಮೂರು ಹೆಸರಲ್ಲಿ ತಿರುಗಿದರೂ ಹೆಂಡತಿ ಹೆಸರು ಹಿಡಿದರೆ ಸಿಕ್ಕಿಬೀಳ್ತಾನೆ. ಎರಡನೇ ಮದುವೆಯಾದರೆ ಮಾತ್ರ ಹುಷಾರು: ತಂದೆತಾಯಿ ಬದಲು ತೀರಿಹೋದ ಗಂಡನ ಅಥವಾ ಹೆಂಡತಿಯ ಹೆಸರಷ್ಟೇ ಇರಬಹುದು. ಆಗ ಮೊದಲ ಮದುವೆಗೇ ಹೋಗಬೇಕು.

ಚರ್ಚ್ ಪುಸ್ತಕಗಳ ಚಿತ್ರಗಳು ವಂಶವೃಕ್ಷದ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಪಿಆರ್‌ಡಿಎಚ್’ (PRDH) ಅನ್ನೋ ದತ್ತಾಂಶ ಸಂಗ್ರಹ 1621ರಿಂದ ಹತ್ತೊಂಬತ್ತನೇ ಶತಮಾನದ ಮಧ್ಯದವರೆಗಿನ ಕುಟುಂಬಗಳನ್ನು ಜೋಡಿಸಿಟ್ಟಿದೆ. ಪೂರ್ತಿ ವಿವರಕ್ಕೆ ದುಡ್ಡು ಕಟ್ಟಬೇಕು, ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಸೊಸೆಯ ಕಡೆಯವರು ಯಾರಾದರೂ ಅಮೆರಿಕಕ್ಕೆ ದುಡಿಯೋಕೆ ಹೋಗಿದ್ದರೆ ಹೆಸರೇ ಅನುವಾದವಾಗಿರಬಹುದು: ಬ್ವಾವೇರ್ ಅನ್ನೋನು ಗ್ರೀನ್‌ವುಡ್, ರುವಾ ಅನ್ನೋನು ಕಿಂಗ್.

ಮೊದಲು ಸೊಸೆಯ ಮುತ್ತಜ್ಜ ಮುತ್ತಜ್ಜಿಯ ಮದುವೆ ಯಾವ ಊರಿನ ಚರ್ಚಿನಲ್ಲಿ ಆಯ್ತು ಅಂತ ಕೇಳಿ. ಊರು ಗೊತ್ತಾದ ಮೇಲೂ ಸಿಕ್ಕಿಕೊಂಡರೆ ಇಲ್ಲೇ ಬರೀರಿ, ಪಾದ್ರಿಗಳ ಕೈಬರಹ ಓದೋದು ನನಗೆ ಈಗ ಚಟ ಆಗಿಬಿಟ್ಟಿದೆ.