ಓದುಗರ ಪ್ರಶ್ನೆ: ಇಂಗ್ಲೆಂಡಿನ ಉದ್ಯಾನಗಳಲ್ಲಿ ರೋಮಿನ ದೇವತೆಗಳು

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಸಿರಿವಂತ ಮನೆತನಗಳ ಉದ್ಯಾನಗಳಲ್ಲಿರುವ ಗ್ರೀಕ್ ಮತ್ತು ರೋಮನ್ ದೇವತೆಗಳ ಪ್ರತಿಮೆಗಳು ರೋಮಿನಿಂದಲೇ ತಂದವೇ? ಚಳಿಗಾಲದಲ್ಲಿ ಅವುಗಳಲ್ಲಿ ಕೆಲವಕ್ಕೆ ಹೊದಿಕೆ ಹಾಕುವುದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಯಲಿನಲ್ಲಿ ನಿಂತಿರುವವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲೇ ತಯಾರಾದ ಪ್ರತಿಕೃತಿಗಳು. 18ನೆಯ ಶತಮಾನದಲ್ಲಿ ಇಟಲಿಯನ್ನು ಸುತ್ತಿ ಬಂದ ಸಿರಿವಂತರು ಅಲ್ಲಿ ಕಂಡ ಶಿಲ್ಪಗಳನ್ನು ತಮ್ಮ ತೋಟದಲ್ಲೂ ನಿಲ್ಲಿಸಬಯಸಿದಾಗ, ಲಂಡನ್ನಿನ ಹೈಡ್ ಪಾರ್ಕ್ ಕಾರ್ನರಿನ ಜಾನ್ ಚೀರ್ ಅವರಂಥ ಶಿಲ್ಪಿಗಳು ಅವನ್ನು ಸೀಸದಲ್ಲಿ ಎರಕ ಹೊಯ್ದು ಕೊಡುತ್ತಿದ್ದರು. ಸೀಸ 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುತ್ತದೆ, ಒಂದೇ ಅಚ್ಚಿನಿಂದ ಹಲವು ಪ್ರತಿಗಳನ್ನು ತೆಗೆಯಬಹುದು, ಮತ್ತು ಬಿಳಿ ಬಣ್ಣ ಬಳಿದರೆ ದೂರದಿಂದ ಕಲ್ಲಿನಂತೆಯೇ ಕಾಣುತ್ತದೆ.

ವಿಲ್ಟ್‌ಷೈರಿನ ಸ್ಟೌರ್‌ಹೆಡ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ಯಾಂಕ್ ಒಡೆತನದ ಮನೆತನದ ಹೆನ್ರಿ ಹೋರ್ ನಿರ್ಮಿಸಿದ ಆ ಕೆರೆಯಂಚಿನ ಉದ್ಯಾನದ ಗವಿಯಲ್ಲಿ ಚೀರ್ ಎರಕ ಹೊಯ್ದ ಅಪ್ಸರೆ, ಬಿಳಿ ಬಣ್ಣ ಹೊತ್ತು, ಹರಿಯುವ ಚಿಲುಮೆಯ ನೀರಿನ ಮೇಲೆ ತಲೆಗೆ ಕೈಯಾನಿಸಿ ಮಲಗಿದ್ದಾಳೆ. ವ್ಯಾಟಿಕನ್ನಿನಲ್ಲಿರುವ, ಆಗಿನವರು ಕ್ಲಿಯೋಪಾತ್ರಳೆಂದು ನಂಬಿದ್ದ, ಗ್ರೀಕ್ ಪುರಾಣದ ರಾಜಕುಮಾರಿ ಅರಿಯಾಡ್ನೆಯ ಶಿಲ್ಪವೇ ಅವಳಿಗೆ ಮೂಲ. ಅದೇ ಉದ್ಯಾನದ ಪ್ಯಾಂಥಿಯನ್ ಗುಡಿಯೊಳಗೆ ರಿಸ್‌ಬ್ರಾಕ್ ಕಡೆದ ಅಮೃತಶಿಲೆಯ ಹರ್ಕ್ಯುಲಿಸ್ ಇದ್ದಾನೆ, ಅವನ ಜೊತೆಗೆ ನಿಜವಾಗಿಯೂ ಪ್ರಾಚೀನ ರೋಮಿನದೇ ಆದ, ಚಕ್ರವರ್ತಿ ಅಗಸ್ಟಸ್‌ನ ಪತ್ನಿ ಲಿವಿಯಾಳ ಪ್ರತಿಮೆಯೂ ಸೂರಿನಡಿ ಭದ್ರವಾಗಿದೆ. ನಕಲು ಎಂಬ ಕಾರಣಕ್ಕೆ ಆ ಅಪ್ಸರೆಯನ್ನು ಕಡೆಗಣಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ: ಆ ಗವಿಯ ಮಬ್ಬು ಬೆಳಕು, ನೀರಿನ ಸದ್ದು, ಅವಳ ನಿದ್ದೆ ಇವೆಲ್ಲವೂ ಒಂದೇ ಕಲ್ಪನೆಯಿಂದ ಹುಟ್ಟಿದವು, ಮೂಲ ಶಿಲ್ಪಕ್ಕೆ ವಸ್ತುಸಂಗ್ರಹಾಲಯದ ಕೋಣೆಯಲ್ಲಿ ಆ ಭಾಗ್ಯವಿಲ್ಲ.

ಇನ್ನು ಹೊದಿಕೆಯ ವಿಷಯ. ಅಮೃತಶಿಲೆಯ ಸೂಕ್ಷ್ಮ ರಂಧ್ರಗಳಿಗೆ ಇಳಿದ ಮಳೆನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ, ಹೀಗೆ ಹಲವು ಚಳಿಗಾಲಗಳು ಕಳೆದ ಮೇಲೆ ಮೂಗು, ಬೆರಳು, ವಸ್ತ್ರದ ಮಡಿಕೆಗಳು ಪುಡಿಯಾಗಿ ಉದುರುತ್ತವೆ. ಆದ್ದರಿಂದ ಚಳಿ ಬಲಿಯುವ ಮೊದಲೇ, ಕಲ್ಲು ಒಣಗಿರುವಾಗ, ಗಾಳಿಯಾಡುವ ಹೊದಿಕೆ ಹಾಕಬೇಕು. ಒಳಗಿನ ತೇವ ಹೊರಹೋಗದಂತೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಸುತ್ತಿದರೆ ಹಾನಿಯೇ ಹೆಚ್ಚು.

ಸೀಸ ನೀರು ಹೀರುವುದಿಲ್ಲವಾದರೂ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕುಸಿಯುತ್ತದೆ. ಅದನ್ನು ತಡೆಯಲು ಒಳಗಿಟ್ಟ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿದಾಗ ಮೊದಲು ಕಣಕಾಲುಗಳಲ್ಲೇ ಬಿರುಕು ಕಾಣಿಸುವುದುಂಟು. ಆಗ ಪ್ರತಿಮೆಯನ್ನು ಪೀಠದಿಂದ ಇಳಿಸಿ, ಹಳೆಯ ಕಬ್ಬಿಣವನ್ನು ತೆಗೆದು, ತುಕ್ಕು ಹಿಡಿಯದ ಉಕ್ಕಿನ ಸರಳನ್ನು ಕೂರಿಸುತ್ತಾರೆ.