ತೋಟದ ಮೇಲೆ ಹೈಟೆನ್ಷನ್ ಲೈನ್ ಬಂದ್ರೆ ಜಾಗ ಯಾರ್ದು?

ಪ್ರಶ್ನೆ: ನಮ್ದು ತಿಪಟೂರು ಕಡೆ, ಎರಡೂವರೆ ಎಕರೆ ತೆಂಗಿನ ತೋಟ, ಅಪ್ಪ ನೆಟ್ಟಿದ್ದು. ಹೋದ ತಿಂಗಳು ಸರ್ವೆಯವರು ಬಂದು ಮರಗಳಿಗೆ ಕೆಂಪು ಪೇಂಟಲ್ಲಿ ನಂಬರ್ ಬರೆದು ಹೋದ್ರು. ಕೇಳಿದ್ರೆ 220 ಕೆವಿ ಲೈನ್ ಹೋಗುತ್ತೆ, ಒಂದು ಟವರ್ ನಿಮ್ಮಲ್ಲೇ ಬರುತ್ತೆ ಅಂದ್ರು. ಈಗ ಯಾವ್ದೋ ಪೇಪರ್ ಹಿಡ್ಕೊಂಡು ಸೈನ್ ಹಾಕಿ, ದುಡ್ಡು ಆಮೇಲೆ ಬರುತ್ತೆ ಅಂತ ಎರಡು ಸಲ ಬಂದಿದ್ದಾರೆ. ಪಕ್ಕದ ತೋಟದವರು ಜಾಗನೇ ಹೋಯ್ತು ಬಿಡಿ ಅಂತಾರೆ. ತಡೆಯೋಕಾಗಲ್ವಾ ಸರ್?

ಉತ್ತರ: ಮೊದ್ಲು ಸಮಾಧಾನ ಮಾಡ್ಕೊಳ್ಳಿ, ಜಾಗ ಹೋಗಿಲ್ಲ. ಟವರ್ ನಿಂತ್ರೂ ತಂತಿ ಹಾದ್ರೂ ಪಹಣಿಲಿ ನಿಮ್ಮ ಹೆಸರೇ ಇರುತ್ತೆ. 1885ರ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಂ ಸ್ಪಷ್ಟವಾಗಿ ಹೇಳುತ್ತೆ, ಲೈನ್ ಹಾಕೋರಿಗೆ ಸಿಗೋದು ಬಳಸೋ ಹಕ್ಕು ಮಾತ್ರ, ಮಾಲೀಕತ್ವ ಅಲ್ಲ. ಕರೆಂಟಿಗೂ ಟೆಲಿಗ್ರಾಫಿಗೂ ಏನು ಸಂಬಂಧ ಅಂತ ಅನ್ಸುತ್ತೆ, 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಅಡಿಲಿ ಸರಕಾರ ಆ ಹಳೇ ಕಾಯ್ದೆಯ ಅಧಿಕಾರವನ್ನ ಲೈನ್ ಹಾಕೋ ಸಂಸ್ಥೆಗೆ ಆದೇಶದ ಮೂಲಕ ಕೊಡಬಹುದು. ಆ ಆದೇಶದ ಪ್ರತಿ ಕೊಡಿ ಅಂತ ಪೇಪರ್ ಹಿಡ್ಕೊಂಡು ಬಂದವರನ್ನೇ ಕೇಳಿ, ಕೇಳೋದು ನಿಮ್ಮ ಹಕ್ಕು.

ತಡೆಯೋ ವಿಷಯ ನೇರವಾಗೇ ಹೇಳಿಬಿಡ್ತೀನಿ. ಆ ಅಧಿಕಾರ ಇರೋ ಸಂಸ್ಥೆಗೆ ನಿಮ್ಮ ಒಪ್ಪಿಗೆ ಬೇಕಿಲ್ಲ, 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನೀವು ಅಡ್ಡ ನಿಂತ್ರೆ ಅವರು ಟೆಲಿಗ್ರಾಫ್ ಕಾಯ್ದೆಯ 16ನೇ ಕಲಂ ಪ್ರಕಾರ ಡಿಸಿ ಹತ್ರ ಹೋಗಿ ಅನುಮತಿ ತರ್ತಾರೆ, ಅದಾದ್ಮೇಲೂ ತಡೆದ್ರೆ ಕೇಸು ನಿಮ್ಮ ಮೇಲೇ ಬೀಳುತ್ತೆ. ಉಡುಪಿ–ಕಾಸರಗೋಡು 400 ಕೆವಿ ಲೈನ್ ವಿರುದ್ಧ ಅಡಿಕೆ ಬೆಳೆಗಾರರು ಎಷ್ಟು ಹೋರಾಡಿದ್ರು ಅಂತ ಪೇಪರಲ್ಲಿ ಓದಿರ್ತೀರಿ, ಅವರ ಸಂಕಟ ನನಗೆ ಅರ್ಥ ಆಗುತ್ತೆ. ಮಾರ್ಗ ಬದಲಾಯಿಸಿ ಅಂತ ಡಿಸಿಗೆ ಲಿಖಿತ ಆಕ್ಷೇಪಣೆ ಕೊಡೋದಾದ್ರೆ ಟವರ್ ಪಾಯ ತೋಡೋಕೆ ಮುಂಚೆನೇ, ಈ ವಾರನೇ ಕೊಡಿ. ಟವರನ್ನ ತೋಟದ ಮಧ್ಯದಿಂದ ಬದುವಿನ ಕಡೆ ಸರಿಸಿ ಅಂತ ಕೇಳೋದೂ ನ್ಯಾಯವೇ, ಯಾಕಂದ್ರೆ ಆದಷ್ಟು ಕಮ್ಮಿ ಹಾನಿ ಮಾಡ್ಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡ್ಬೇಕು ಅಂತ ಅದೇ 10ನೇ ಕಲಮಲ್ಲೇ ಇದೆ.

ಈಗ ದುಡ್ಡಿನ ಮಾತು. ನಮ್ಮ ಜನ ಟವರ್ ಕಾಲಿನ ಜಾಗಕ್ಕೆ ಜಗಳ ಆಡ್ತಾರೆ, ತಂತಿ ಕೆಳಗಿನ ಜಾಗ ಮರೆತುಬಿಡ್ತಾರೆ, ನಿಜವಾದ ನಷ್ಟ ಇರೋದು ಅಲ್ಲೇ. 220 ಕೆವಿ ಲೈನಿಗೆ 35 ಮೀಟರ್ ಅಗಲದ ಪಟ್ಟಿ ಬಿಡ್ಬೇಕು, ಅದು ನಿಮ್ಮ ತೋಟದಲ್ಲಿ 100 ಮೀಟರ್ ಹಾದ್ರೆ 3,500 ಚದರ ಮೀಟರ್, ಅಂದ್ರೆ ಹತ್ರಹತ್ರ 35 ಗುಂಟೆ. ಅಲ್ಲಿ ರಾಗಿ, ಹೂವು, ತರಕಾರಿ ಬೆಳೀಬಹುದು, ತೆಂಗು ಇನ್ನು ಬೆಳೆಯೋ ಹಾಗಿಲ್ಲ. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿಲಿ ಟವರ್ ಜಾಗಕ್ಕೆ ಭೂಮಿ ಬೆಲೆಯ 85%, ಪಟ್ಟಿಗೆ ಹೆಚ್ಚಂದ್ರೆ 15% ಅಂತಿತ್ತು. 2024ರ ಜೂನ್‌ನಲ್ಲಿ ಅದು ಟವರಿಗೆ 200%, ಪಟ್ಟಿಗೆ 30% ಆಯ್ತು. ಎಕರೆಗೆ 20 ಲಕ್ಷ ಅಂತ ಇಟ್ಕೊಂಡ್ರೆ ಒಂದೂವರೆ ಗುಂಟೆ ಟವರ್ ಜಾಗಕ್ಕೆ ಒಂದೂವರೆ ಲಕ್ಷ, ಆ 35 ಗುಂಟೆ ಪಟ್ಟಿಗೆ ಐದೂಕಾಲು ಲಕ್ಷ, ನೀವೇ ನೋಡಿ ಯಾವ್ದು ದೊಡ್ಡದು ಅಂತ. ಇವು ಕೇಂದ್ರದ ದರ, ರಾಜ್ಯದೊಳಗಿನ ಲೈನ್ ಆದ್ರೆ ರಾಜ್ಯ ಸರಕಾರದ ಆದೇಶ ನೋಡ್ಬೇಕು, ಹಾಗಾಗಿ ನಿಮ್ಮ ಲೈನಿಗೆ ಯಾವ ಆದೇಶ, ಯಾವ ದರ ಅಂತ ಡಿಸಿ ಆಫೀಸಿಗೆ ಅರ್ಜಿ ಬರೆದು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ಮರದ ಪರಿಹಾರ ಇದ್ರಿಂದ ಬೇರೆ. ಇಲ್ಲಿ ಒಂದು ವಿಷಯ ಕೈಮುಗಿದು ಹೇಳ್ತೀನಿ, ಮಹಜರ್, ಅಂದ್ರೆ ಸ್ಥಳದಲ್ಲೇ ನೋಡಿ ಎಣಿಸಿ ಬರೆಯೋ ದಾಖಲೆ, ಆಗದೆ ಒಂದು ಮರನೂ ಕಡಿಯೋಕೆ ಬಿಡ್ಬೇಡಿ. ನಾನೇ ನೋಡಿದ ಒಂದು ಮಹಜರ್ ಪ್ರತಿಲಿ "ಸುಮಾರು 30 ತೆಂಗಿನ ಮರ" ಅಂತ ಬರೆದು, ಜೀಪಿನ ಬಾನೆಟ್ ಮೇಲಿಟ್ಟು ಒಬ್ಬ ಅಜ್ಜನ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ರು, ತೋಟದಲ್ಲಿ ಬುಡ ಎಣಿಸಿದ್ರೆ 42. ಆಮೇಲೆ ಯಾರನ್ನ ಕೇಳ್ತೀರಿ? ಎಣಿಕೆ ದಿನ ತೋಟಗಾರಿಕೆ ಇಲಾಖೆಯವರನ್ನ ಕರೆಸಿ ಅಂತ ಮೊದ್ಲೇ ಬರೆದುಕೊಡಿ. ಮರದ ನಂಬರು, ವಯಸ್ಸು, ಫಲ ಬರ್ತಿದ್ಯಾ ಇಲ್ವಾ ಎಲ್ಲಾ ಬರೀಲಿ, ಫೋನಲ್ಲಿ ಒಂದೊಂದೇ ಮರದ ಫೋಟೋ ತೆಗೀರಿ, ಮೊನ್ನೆ ನೆಟ್ಟ ಸಸಿನೂ ಬಿಡ್ಬೇಡಿ, ಯಾಕಂದ್ರೆ ಲೈನ್ ಬರೋಕೆ ಮುಂಚೆ ಇದ್ದ ಗಿಡಕ್ಕೆ ಮುಂದೆ ಕಡಿದ್ರೂ ಪರಿಹಾರ ಉಂಟು, ಲೈನ್ ಬಂದ್ಮೇಲೆ ನೆಟ್ಟಿದ್ದಕ್ಕೆ ಇಲ್ಲ. ಖಾಲಿ ಜಾಗ ಬಿಟ್ಟಿರೋ ಪೇಪರಿಗೆ ಸೈನ್ ಬೇಡವೇ ಬೇಡ.

ಕೊಟ್ಟ ದುಡ್ಡು ಕಮ್ಮಿ ಅನ್ಸಿದ್ರೆ ಚೆಕ್ ವಾಪಸ್ ಕಳಿಸ್ಬೇಕಿಲ್ಲ, "ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ" ಅಂತ ಬರೆದು ತಗೊಳ್ಳಿ, ಟೆಲಿಗ್ರಾಫ್ ಕಾಯ್ದೆಯ 16(3)ನೇ ಕಲಂ ಅಡಿಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಹೆಚ್ಚಿನ ಪರಿಹಾರ ಕೇಳಿ. ಜಾಗ ಎಲ್ಲಿದೆ, ತಂತಿ ಅಂಚಲ್ಲಿ ಹೋಗುತ್ತೋ ನಡುವೆ ಸೀಳಿಕೊಂಡು ಹೋಗುತ್ತೋ ಅನ್ನೋದನ್ನೆಲ್ಲಾ ನೋಡಿ ಪರಿಹಾರ ನಿರ್ಧರಿಸ್ಬೇಕು ಅಂತ ಕೇರಳದ ಲಿವಿಶಾ ಪ್ರಕರಣದಲ್ಲಿ 2007ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕಪಕ್ಕದ ಜಮೀನಿನ ಕ್ರಯಪತ್ರದ ನಕಲು ಈಗಲೇ ತೆಗೆಸಿಡಿ. ಜಿಲ್ಲಾ ನ್ಯಾಯಾಧೀಶರಿಗೆ ಕೊಡೋ ಈ ಅರ್ಜಿಗೆ ಮೂರು ವರ್ಷದ ಗಡುವು ಇದೆ, ನಾಳೆ ನಾಡಿದ್ದು ಅಂತ ಕೂತು ಕಳ್ಕೊಂಡವರು ಬಹಳ ಜನ.

ಪ್ರಶ್ನೆ: ಟೌನಲ್ಲಿ ನಮ್ಮ ಮನೆ ಪಕ್ಕ 11 ಕೆವಿ ಲೈನ್ ಇದೆ, ಮೇಲೆ ಒಂದು ಫ್ಲೋರ್ ಕಟ್ಬಹುದಾ?

ಉತ್ತರ: ಪಕ್ಕದಲ್ಲಿ ಹೋಗೋ ತಂತಿಯಿಂದ ಗೋಡೆಗೆ, ಬಾಲ್ಕನಿ ಚಾಚಿದ್ರೆ ಬಾಲ್ಕನಿಗೆ, ಕನಿಷ್ಠ 1.2 ಮೀಟರ್ ಇರ್ಬೇಕು, ತಲೆ ಮೇಲೆ ಹಾದ್ರೆ 3.7 ಮೀಟರ್. ಅಷ್ಟು ಸಿಗಲ್ಲ ಅಂದ್ರೆ ಲೈನ್ ಶಿಫ್ಟ್ ಮಾಡಿಸ್ಬೇಕು, ಲೈನ್ ಮೊದ್ಲಿಂದ ಇದ್ದು ನೀವು ಆಮೇಲೆ ಕಟ್ತಿರೋದ್ರಿಂದ ಖರ್ಚು ನಿಮ್ದೇ. ಅರ್ಜಿ ಕೊಟ್ಟು ಎಸ್ಟಿಮೇಟ್ ತಗೊಳ್ಳಿ, ಸಾರ್ವೆ ಕಟ್ಟೋಕೆ ಮುಂಚೆನೇ. ಕಬ್ಬಿಣದ ಕಂಬಿ ಮೇಲಕ್ಕೆ ಎತ್ತುವಾಗ ತುದಿ ತಂತಿ ಹತ್ರ ಹೋದ್ರೂ ಸಾಕು, ಕೂಲಿಗೆ ಬಂದ ಹುಡುಗ ಮನೆಗೆ ವಾಪಸ್ ಹೋಗಲ್ಲ, ದಯವಿಟ್ಟು ಅವಸರ ಮಾಡ್ಬೇಡಿ.

ಪ್ರಶ್ನೆ: ಪಕ್ಕದ ಹೊಲದವರ ಪಂಪ್‌ಸೆಟ್‌ಗೆ ನಮ್ಮ ಹೊಲದಲ್ಲಿ ಕಂಬ ನೆಡ್ತೀವಿ ಅಂತಿದ್ದಾರೆ, ಬೇಡ ಅನ್ನಬಹುದಾ?

ಉತ್ತರ: ಅನ್ನಬಹುದು. ಮೇಲೆ ಹೇಳಿದ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಇಲ್ಲದ ಕಡೆ, ವಿದ್ಯುತ್ ಕಾಯ್ದೆ ಅಡಿಯ 2006ರ ನಿಯಮದ ಪ್ರಕಾರ ಮಾಲೀಕರ ಒಪ್ಪಿಗೆ ತಗೋಬೇಕು, ನೀವು ಒಪ್ಪದಿದ್ರೆ ಡಿಸಿಯಿಂದ ಲಿಖಿತ ಅನುಮತಿ ತಂದೇ ನೆಡ್ಬೇಕು. ಆದ್ರೆ ಅವರ ಬೆಳೆಗೂ ನೀರು ಬೇಕಲ್ವಾ, ಬದು ಮೇಲೆ ಜಾಗ ತೋರಿಸಿ, ಉಳುಮೆಗೆ ಅಡ್ಡ ಬರದ ಹಾಗೆ ಕಂಬ ಮತ್ತು ಸ್ಟೇ ತಂತಿ ಎರಡೂ ಎಲ್ಲಿ ಅಂತ ಸ್ಕೆಚ್ ಬರೆಸಿ ಒಂದು ಪ್ರತಿ ಇಟ್ಕೊಳ್ಳಿ.