ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಬಂದಿದ್ದು ಮೊದಲೇ ಯಾಕೆ ಗೊತ್ತಾಗುವುದಿಲ್ಲ?

ಸಾಮಾನ್ಯವಾಗಿ ನೋವಿರುವುದಿಲ್ಲ, ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತಿರುತ್ತದೆ. ಅದಕ್ಕೇ ಗೊತ್ತಾಗುವುದಿಲ್ಲ. ಮೊದಲು ಹಾಳಾಗುವುದು ಅಂಚಿನ ನೋಟ.

ಕಣ್ಣಿನೊಳಗೆ ಒಂದು ತಿಳಿ ದ್ರವ ಸದಾ ತಯಾರಾಗಿ ಹೊರಗೆ ಹರಿಯುತ್ತಿರುತ್ತದೆ. ಹರಿಯುವ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಆಗ ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಎಳೆಗಳು ನಿಧಾನವಾಗಿ ಸಾಯುತ್ತವೆ. ಇಂಥ ಎಳೆಗಳು ಸುಮಾರು 10 ಲಕ್ಷ ಇರುವುದರಿಂದ ಸ್ವಲ್ಪ ಹೋದರೆ ಗಮನಕ್ಕೇ ಬರುವುದಿಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮೆದುಳೇ ಊಹಿಸಿಕೊಳ್ಳುತ್ತದೆ. ಮೆಟ್ಟಿಲು ಎಡವುವುದು, ಬಾಗಿಲಿಗೆ ಭುಜ ತಾಗುವುದು ಜಾಸ್ತಿಯಾಗುವ ಹೊತ್ತಿಗೆ ತುಂಬಾ ಹಾನಿ ಆಗಿರುತ್ತದೆ.

ಒತ್ತಡ ಅಳೆದರೆ ಸಾಕು ಅಲ್ವಾ? ಸಾಲದು. ಸಾಮಾನ್ಯ ಮಟ್ಟ 10ರಿಂದ 21 ಮಿ.ಮೀ. ಪಾದರಸ; ಅಷ್ಟರೊಳಗಿದ್ದೂ ನರ ಹಾಳಾಗುವುದುಂಟು. ಅದಕ್ಕೇ ವೈದ್ಯರು ಕಣ್ಣಿನ ಹಿಂಭಾಗದ ನರ ನೋಡುತ್ತಾರೆ, ಓಸಿಟಿ ಎಂಬ, ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಸ್ಕ್ಯಾನ್‌ನಲ್ಲಿ ನರದ ಪದರದ ದಪ್ಪ ಅಳೆಯುತ್ತಾರೆ. ಫೀಲ್ಡ್ ಟೆಸ್ಟ್‌ನಲ್ಲಿ ನೀವು ನೇರ ಒಂದೇ ಚುಕ್ಕೆ ನೋಡುತ್ತಾ, ಅಕ್ಕಪಕ್ಕ ಸಣ್ಣ ಬೆಳಕು ಮಿನುಗಿದಾಗೆಲ್ಲ ಗುಂಡಿ ಒತ್ತಬೇಕು. ಬೇಜಾರಿನ ಪರೀಕ್ಷೆಯೇ ಸರಿ, ಆದರೆ ನೋಟ ಎಲ್ಲಿ ಹೋಗಿದೆ ಅಂತ ತೋರಿಸುವುದು ಇದೇ.

ಕಣ್ಣಿನ ಹನಿ, ಲೇಸರ್, ಆಪರೇಷನ್ ಎಲ್ಲದರ ಕೆಲಸವೂ ಒತ್ತಡ ಇಳಿಸುವುದು. ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ‘ಏನೂ ವ್ಯತ್ಯಾಸ ಕಾಣ್ತಿಲ್ಲ’ ಅಂತ ಸುಮ್ನೆ ಹನಿ ನಿಲ್ಲಿಸಬೇಡಿ. 40 ದಾಟಿದ್ದರೆ, ಅದರಲ್ಲೂ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೆ, ತೊಂದರೆ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿ.

ಅಪರೂಪಕ್ಕೆ ಒತ್ತಡ ದಿಢೀರನೆ ಏರುತ್ತದೆ: ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಹಾಗಾದರೆ ಆಗಲೇ ಆಸ್ಪತ್ರೆಗೆ ಹೋಗಿ.